ಯಹೂದಿ ಮನೆಯಲ್ಲಿ ವರ್ಷದ ನೆನಪಿನ ದಿನ: ದೀಪ, ಕದ್ದೀಶ್, ಸಮಾಧಿಯ ಮೇಲಿನ ಕಲ್ಲು

ಪ್ರಶ್ನೆ: ನನ್ನ ತಂಗಿ ಇಸ್ರೇಲಿನ ರಮತ್ ಗಾನ್‌ನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾಳೆ. ಮೊದಲು ಅಜ್ಜ, ಅಜ್ಜಿ ಇಬ್ಬರನ್ನೂ ನೋಡಿಕೊಳ್ಳುತ್ತಿದ್ದಳು. ಅಜ್ಜ ತೀರಿಕೊಂಡು ಇನ್ನೇನು ವರ್ಷವಾಗುತ್ತದೆ. ಅಜ್ಜಿಗೆ ಓಡಾಡುವುದು ಕಷ್ಟ, ರಾತ್ರಿ ಆಕ್ಸಿಜನ್ ಬೇಕು. ಮನೆಯಲ್ಲಿ ಆ ದಿನದ ತಯಾರಿ ನಡೆದಿದೆ. ತಂಗಿಗೆ ಎಲ್ಲವೂ ಗೊಂದಲ. ಅಜ್ಜ ಹೋದ ತಾರೀಖು ಒಂದು, ಇವರು ಹೇಳುವ ದಿನ ಇನ್ನೊಂದು. ಅಜ್ಜಿ ಇರಾಕ್ ಮೂಲದವರು, ಹಣ್ಣು-ತಿಂಡಿ ಜೋಡಿಸಬೇಕು ಅಂತಾರೆ. ಅಜ್ಜನ ಕಡೆಯವರು ಪೋಲೆಂಡಿನವರು, ದೀಪ ಮತ್ತು ಪ್ರಾರ್ಥನೆ ಸಾಕು ಅಂತ ಮಗ ಹೇಳುತ್ತಾರೆ. ಇದು ನಮ್ಮ ತಿಥಿಯ ಹಾಗೇನಾ? ತಂಗಿ ದೀಪ ಹಚ್ಚಬಹುದಾ? ಸಮಾಧಿಗೆ ಹೂವು ಒಯ್ಯಬಹುದಾ? ಏನು ಮಾಡಬೇಕು, ಏನು ಮಾಡಬಾರದು?
(ಓದುಗರು, ಉಡುಪಿ ಜಿಲ್ಲೆ)

ಉತ್ತರ:

ತಾರೀಖಿನಿಂದಲೇ ಶುರು ಮಾಡುತ್ತೇನೆ. ಅದು ತಪ್ಪಿದರೆ ಉಳಿದದ್ದೆಲ್ಲ ತಪ್ಪಿದ ಹಾಗೆ.

ಯಹೂದಿಗಳು ಸಾವಿನ ವರ್ಷವನ್ನು ಹೀಬ್ರೂ ಪಂಚಾಂಗದ ಪ್ರಕಾರ ಲೆಕ್ಕ ಹಾಕುತ್ತಾರೆ. ಅದರ ತಿಂಗಳುಗಳು ಚಂದ್ರನನ್ನು ನೋಡಿ ನಡೆಯುತ್ತವೆ. ಹಾಗಾಗಿ ಇಂಗ್ಲಿಷ್ ತಾರೀಖು ವರ್ಷ ವರ್ಷವೂ ಹಿಂದೆ ಮುಂದೆ ಆಗುತ್ತದೆ. ತಿಥಿ ನೋಡಿ ಶ್ರಾದ್ಧ ಮಾಡುವ ಮನೆಯವರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಿಲ್ಲ. ಅಧಿಕ ಮಾಸವೂ ಅವರಲ್ಲಿದೆ. 19 ವರ್ಷಕ್ಕೆ 7 ಸಲ ಅದಾರ್ ಎಂಬ ತಿಂಗಳು ಎರಡು ಬಾರಿ ಬರುತ್ತದೆ.

ಆದರೆ ಒಂದು ಕಡೆ ನಮ್ಮವರು ಎಡವುತ್ತಾರೆ. ನಮಗೆ ದಿನ ಶುರುವಾಗುವುದು ಬೆಳಿಗ್ಗೆ. ಅವರಿಗೆ ದಿನ ಶುರುವಾಗುವುದು ಸಂಜೆ, ಸೂರ್ಯ ಮುಳುಗಿದಾಗ. ಇಸ್ರೇಲಿನ ಪ್ರಧಾನಿ ಇತ್ಸಾಕ್ ರಬಿನ್ ಅವರ ವಿಷಯವನ್ನೇ ನೋಡಿ. 1995ರ ನವೆಂಬರ್ 4ರ ರಾತ್ರಿ ಟೆಲ್ ಅವೀವ್‌ನಲ್ಲಿ ಅವರಿಗೆ ಗುಂಡು ಹೊಡೆದರು. ಅವತ್ತು ಹಗಲು ಹೆಶ್ವಾನ್ ತಿಂಗಳ 11ನೇ ದಿನ. ಗುಂಡು ಬಿದ್ದಾಗ ಸೂರ್ಯ ಮುಳುಗಿ ಗಂಟೆಗಳೇ ಆಗಿದ್ದವು, ಅಂದರೆ 12 ಶುರುವಾಗಿತ್ತು. ಹಾಗಾಗಿ ಇಸ್ರೇಲ್ ಸರ್ಕಾರ ಅವರ ನೆನಪಿನ ದಿನವನ್ನು ಹೆಶ್ವಾನ್ 12ರಂದು ಆಚರಿಸುತ್ತದೆ. ನಿಮ್ಮ ತಂಗಿಯ ಮನೆಯಲ್ಲೂ ಇದೇ ಆಗಿರಬಹುದು. ಅಜ್ಜ ಹೋದದ್ದು ಸಂಜೆಯ ಮೇಲಾದರೆ ಹೀಬ್ರೂ ತಾರೀಖು ಒಂದು ದಿನ ಮುಂದೆ ಹೋಗಿರುತ್ತದೆ.

ಅದಾರ್‌ನಲ್ಲಿ ತೀರಿಕೊಂಡವರದ್ದು ಇನ್ನೊಂದು ತಕರಾರು. ಎರಡು ಅದಾರ್ ಬರುವ ವರ್ಷದಲ್ಲಿ ಯಾವುದರಲ್ಲಿ ನೆನೆಯಬೇಕು? 16ನೇ ಶತಮಾನದಲ್ಲೇ ಇಬ್ಬರು ದೊಡ್ಡ ಪಂಡಿತರು ಇದಕ್ಕೆ ಎರಡು ಉತ್ತರ ಕೊಟ್ಟರು. ಸಫೇದ್ ಊರಿನ ಯೋಸೆಫ್ ಕಾರೋ ಎರಡನೇ ಅದಾರ್ ಅಂದರು. ಪೋಲೆಂಡಿನ ಕ್ರಾಕೊವ್‌ನ ಮೋಶೆ ಇಸ್ಸೆರ್ಲೆಸ್ ಮೊದಲನೇದು ಅಂದರು. ಇವತ್ತಿಗೂ ಇರಾಕ್, ಮೊರಾಕ್ಕೊ ಕಡೆಯವರು ಕಾರೋ ಅವರ ಹಿಂದೆ, ಪೋಲೆಂಡ್, ಜರ್ಮನಿ ಕಡೆಯವರು ಇಸ್ಸೆರ್ಲೆಸ್ ಅವರ ಹಿಂದೆ. ಎರಡರಲ್ಲೂ ಪ್ರಾರ್ಥನೆ ಮಾಡಿಬಿಡುವ ಮನೆಗಳೂ ಇವೆ. ಹೀಬ್ರೂ ವರ್ಷ 5787, ಅಂದರೆ 2026-27, ಇಂಥ ಅಧಿಕ ಮಾಸದ ವರ್ಷ. ಅಜ್ಜ ಹೋದದ್ದು ಅದಾರ್‌ನಲ್ಲಿ ಅಲ್ಲದಿದ್ದರೆ ಈ ಚರ್ಚೆ ಬಿಟ್ಟುಬಿಡಿ.

ತಂಗಿ ಸ್ವತಃ ಲೆಕ್ಕ ಹಾಕುತ್ತಾ ಕೂರಬೇಕಿಲ್ಲ. ಇಸ್ರೇಲಿನಲ್ಲಿ ಸಾಮಾನ್ಯವಾಗಿ 30ನೇ ದಿನಕ್ಕೆ ಸಮಾಧಿಗೆ ಕಲ್ಲು ಹಾಕಿಸುತ್ತಾರೆ. ಹೀಬ್ರೂ ತಾರೀಖು ಅದರ ಮೇಲೇ ಇರುತ್ತದೆ. ಮಗನನ್ನು ಕೇಳಿ, ಈ ವರ್ಷ ಅದು ಯಾವ ಸಂಜೆ ಶುರುವಾಗುತ್ತದೆ ಅಂತ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರೆ ಆಯಿತು. "ಯಾವ ದಿನ" ಅಂತ ಕೇಳುವುದಕ್ಕಿಂತ "ಯಾವ ಸಂಜೆ" ಅಂತ ಕೇಳಲಿ.

ಆ ದಿನಕ್ಕೆ ಪೋಲೆಂಡ್, ರಷ್ಯಾ, ಜರ್ಮನಿ ಮೂಲದವರು ಯಾರ್ಟ್ಸೈಟ್ ಅನ್ನುತ್ತಾರೆ. ಇರಾಕ್, ಯೆಮೆನ್ ಕಡೆಯವರು, ಮತ್ತು ಇಸ್ರೇಲಿನಲ್ಲಿ ಈಗ ಹೆಚ್ಚುಕಮ್ಮಿ ಎಲ್ಲರೂ, ಅಜ್ಕರಾ ಅನ್ನುತ್ತಾರೆ. ಮನೆಯಲ್ಲಿ ಎರಡೂ ಮಾತು ಕಿವಿಗೆ ಬಿದ್ದರೆ ಅವು ಒಂದೇ ದಿನದ ಹೆಸರು.

ಈಗ ನಿಮ್ಮ ದೊಡ್ಡ ಪ್ರಶ್ನೆ. ಇದು ನಮ್ಮ ತಿಥಿಯ ಹಾಗೇನಾ? ದಿನ ಹಿಡಿಯುವ ಕ್ರಮದಲ್ಲಿ ಹೌದು. ಒಳಗಿನ ವಿಚಾರದಲ್ಲಿ ಬಹಳ ಬೇರೆ. ಅಲ್ಲಿ ಎಡೆ ಇಡುವುದಿಲ್ಲ. ಪಿಂಡ ಇಲ್ಲ, ತರ್ಪಣ ಇಲ್ಲ, ಹೋದವರನ್ನು ಊಟಕ್ಕೆ ಕರೆಯುವುದಿಲ್ಲ. ಸತ್ತವರಿಗೆ ಏನನ್ನಾದರೂ ಅರ್ಪಿಸುವುದು ಯಹೂದಿ ಧರ್ಮದಲ್ಲಿ ನಿಷಿದ್ಧ. ಹಾಗಾದರೆ ಏನು ಮಾಡುತ್ತಾರೆ? ಬದುಕಿರುವವರು ಒಂದು ಒಳ್ಳೆಯ ಕೆಲಸ ಮಾಡುತ್ತಾರೆ. ಪ್ರಾರ್ಥನೆ ಮುನ್ನಡೆಸುತ್ತಾರೆ, ಧರ್ಮಗ್ರಂಥ ಓದುತ್ತಾರೆ, ದಾನ ಕೊಡುತ್ತಾರೆ, ನಾಲ್ಕು ಜನರ ಬಾಯಲ್ಲಿ ದೇವರ ಹೆಸರು ಬರುವಂತೆ ಮಾಡುತ್ತಾರೆ. ಅದರ ಪುಣ್ಯ ಹೋದವರ ಲೆಕ್ಕಕ್ಕೆ ಸೇರುತ್ತದೆ ಅಂತ ನಂಬಿಕೆ. ಯಾಕೆ ಸೇರುತ್ತದೆ? ಇವರನ್ನು ಹಾಗೆ ಬೆಳೆಸಿದವರು ಅವರೇ ಅಲ್ವಾ, ಅದಕ್ಕೆ. ಈ ಒಂದು ಮಾತು ಮನಸ್ಸಿನಲ್ಲಿ ಕೂತರೆ ದೀಪ, ಹಣ್ಣು, ಕಲ್ಲು ಎಲ್ಲವೂ ತಂತಾನೇ ಅರ್ಥವಾಗುತ್ತವೆ.

ದೀಪದ ವಿಷಯ. ಇದು ನಿಮ್ಮ ತಂಗಿಯ ಕೈಗೆ ನೇರವಾಗಿ ಬರುವ ಕೆಲಸ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಇದಕ್ಕೆ ಅಂತಲೇ ಮೇಣದಬತ್ತಿ ಸಿಗುತ್ತದೆ. ಸಣ್ಣ ತಗಡಿನ ಡಬ್ಬಿಯಲ್ಲೋ ದಪ್ಪ ಗಾಜಿನ ಲೋಟದಲ್ಲೋ ಮೇಣ ತುಂಬಿ ನಡುವೆ ಬತ್ತಿ ಇಟ್ಟಿರುತ್ತಾರೆ. ಬಿಳಿ, ಸಾದಾ. ಹೆಚ್ಚುಕಮ್ಮಿ 24 ಗಂಟೆ ಉರಿಯುವಷ್ಟು ಮೇಣ. ಇಸ್ರೇಲಿನ ಯಾವುದೇ ಸೂಪರ್ ಮಾರ್ಕೆಟ್‌ನಲ್ಲಿ ಸಿಗುತ್ತದೆ. 'ನೇರ್ ನೆಶಾಮಾ' ಅಂತ ಕೇಳಿದರೆ ಅಂಗಡಿಯವರು ತೋರಿಸುತ್ತಾರೆ. ಹೊತ್ತಿಸಿದ ಮೊದಲ ಗಂಟೆಗಳಲ್ಲಿ ಉರಿ ಲೋಟದ ಬಾಯಿಯ ಹತ್ತಿರ ಇರುತ್ತದೆ. ಮಾರನೇ ಮಧ್ಯಾಹ್ನದ ಹೊತ್ತಿಗೆ ತಳಕ್ಕೆ ಇಳಿದು ಗಾಜೆಲ್ಲ ಒಳಗಿನಿಂದ ಬೆಳಗಿದಂತೆ ಕಾಣುತ್ತದೆ. ಆಗ ಲೋಟ ಕೈ ಸುಡುವಷ್ಟು ಕಾದಿರುತ್ತದೆ, ಮುಟ್ಟಬಾರದು. ಅಮೆರಿಕದಲ್ಲಿ ಬಡತನದ ಕಾಲದ ಯಹೂದಿ ಮನೆಗಳಲ್ಲಿ ಮೇಣ ಮುಗಿದ ಮೇಲೆ ಆ ಲೋಟವನ್ನು ತೊಳೆದು ನೀರು, ಜ್ಯೂಸ್ ಕುಡಿಯಲು ಇಟ್ಟುಕೊಳ್ಳುತ್ತಿದ್ದರು. ಅಜ್ಜಿಯ ಊರಿನ ಕಡೆ ಹಿಂದೆ ಗಾಜಿನ ಬಟ್ಟಲಿಗೆ ಎಣ್ಣೆ ಹಾಕಿ ಬತ್ತಿ ತೇಲಿಬಿಡುತ್ತಿದ್ದರು. ಈಗಲೂ ಕೆಲವರು ಎಣ್ಣೆಯನ್ನೇ ಬಯಸುತ್ತಾರೆ. ಅಜ್ಜಿಯನ್ನು ಒಂದು ಮಾತು ಕೇಳಲಿ.

ದೀಪವೇ ಯಾಕೆ? ಬೈಬಲಿನ ಜ್ಞಾನೋಕ್ತಿಗಳ 20ನೇ ಅಧ್ಯಾಯದಲ್ಲಿ ಮನುಷ್ಯನ ಆತ್ಮ ದೇವರು ಹಚ್ಚಿದ ದೀಪ ಎಂಬ ಅರ್ಥದ ಮಾತಿದೆ. ಅದನ್ನೇ ಹಿಡಿದುಕೊಂಡು ಬಂದ ರೂಢಿ ಇದು.

ದೀಪ ಹಚ್ಚುವುದು ಹಿಂದಿನ ಸಂಜೆ, ಸೂರ್ಯ ಮುಳುಗುವ ಮೊದಲು. ಮಾರನೇ ಸಂಜೆಯವರೆಗೆ ಉರಿಯಬೇಕು. ಇದಕ್ಕೆ ಕಡ್ಡಾಯದ ಮಂತ್ರ ಇಲ್ಲ. ಮನೆಯವರು ಹೋದವರ ಹೆಸರು ಹೇಳಿ ಹಚ್ಚುತ್ತಾರೆ, ಅಷ್ಟೇ. ಅಜ್ಜಿ ತಾವೇ ಹಚ್ಚಲಿ, ಕೈ ನಡುಗಿದರೆ ತಂಗಿ ಕೈ ಹಿಡಿದುಕೊಳ್ಳಲಿ. ಮಗ ಬಂದಿದ್ದರೆ ಮಗ ಹಚ್ಚಲಿ. ತಂಗಿ ತಾನಾಗಿ ಮುಂದೆ ಹೋಗಿ ಹಚ್ಚಬೇಕಾಗಿಲ್ಲ. ಅಜ್ಜಿಯೇ "ನೀನೇ ಹಚ್ಚಮ್ಮ" ಅಂದರೆ ಹಿಂಜರಿಯಬೇಕಾಗಿಯೂ ಇಲ್ಲ. ಇದು ನಿಯಮಕ್ಕಿಂತ ಹೆಚ್ಚಾಗಿ ಮನೆಯ ರೂಢಿ.

ಮುಖ್ಯವಾದ ಎಚ್ಚರಿಕೆ ಬೇರೆ ಇದೆ. ಅಜ್ಜಿಗೆ ಆಕ್ಸಿಜನ್ ಬೇಕು ಅಂದಿರಿ. ಆಕ್ಸಿಜನ್ ಸಿಲಿಂಡರ್ ಅಥವಾ ಯಂತ್ರ ಇರುವ ಕೋಣೆಯಲ್ಲಿ ಈ ದೀಪ ಬೇಡವೇ ಬೇಡ. ಇಡೀ ರಾತ್ರಿ ಎಲ್ಲರೂ ಮಲಗಿರುವಾಗ ಉರಿಯುವ ಬೆಂಕಿ ಅದು. ಅಡುಗೆಮನೆಯಲ್ಲಿ ಸ್ಟೀಲ್ ತಟ್ಟೆಯ ಮೇಲೆ ಇಡಬಹುದು, ಅಥವಾ ಒಣಗಿದ ಸಿಂಕಿನೊಳಗೆ. ಪರದೆ, ಪೇಪರ್, ಗಾಳಿ ಬೀಸುವ ಕಿಟಕಿ ಹತ್ತಿರ ಇರಬಾರದು. ಮನೆ ಚಿಕ್ಕದು, ಜಾಗವೇ ಇಲ್ಲ ಅಂದರೆ ಕರೆಂಟಿನ ಸಣ್ಣ ನೆನಪಿನ ದೀಪ ಹಾಕಬಹುದು. ಬೆಂಕಿ ಅಪಾಯ ಇರುವ ಕಡೆ, ಆಸ್ಪತ್ರೆಗಳಲ್ಲಿ, ಇದಕ್ಕೆ ಅನೇಕ ರಬ್ಬಿಗಳ, ಅಂದರೆ ಯಹೂದಿ ಧರ್ಮಗುರುಗಳ, ಒಪ್ಪಿಗೆ ಇದೆ. ಜೀವ ಉಳಿಸುವುದು ಹೆಚ್ಚುಕಡಿಮೆ ಎಲ್ಲ ನಿಯಮಕ್ಕಿಂತ ಮೇಲು ಅನ್ನುವುದು ಆ ಧರ್ಮದ ಗಟ್ಟಿ ಮಾತು. ಮಗನಿಗೆ ಇದನ್ನು ಮೊದಲೇ ಹೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಸಬ್ಬತ್ ದಿನ, ಅಂದರೆ ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿಯವರೆಗಿನ ವಾರದ ವಿಶ್ರಾಂತಿಯ ದಿನ, ಅಡ್ಡ ಬಂದರೆ ಕ್ರಮ ಸ್ವಲ್ಪ ಬದಲಾಗುತ್ತದೆ. ನೆನಪಿನ ದಿನ ಶನಿವಾರ ಬಿದ್ದರೆ ಶುಕ್ರವಾರ ಸಂಜೆ ಸಬ್ಬತ್ ದೀಪ ಹಚ್ಚುವುದಕ್ಕೂ ಮೊದಲೇ ಈ ದೀಪ ಹಚ್ಚಬೇಕು. ಭಾನುವಾರ ಬಿದ್ದರೆ ಶನಿವಾರ ರಾತ್ರಿ ಸಬ್ಬತ್ ಮುಗಿದು ನಕ್ಷತ್ರ ಕಂಡ ಮೇಲೆ. ಸಬ್ಬತ್ ಪಾಲಿಸುವ ಮನೆಯಾದರೆ ಮಧ್ಯದಲ್ಲಿ ಬೆಂಕಿ ಹೊತ್ತಿಸುವುದೂ ಇಲ್ಲ, ಆರಿಸುವುದೂ ಇಲ್ಲ. ದೀಪ ಅರ್ಧಕ್ಕೆ ಆರಿಹೋಯಿತು ಅಂತ ತಂಗಿ ಒಳ್ಳೆಯ ಮನಸ್ಸಿನಿಂದ ಮತ್ತೆ ಹಚ್ಚಲು ಹೋದರೂ ಮನೆಯವರಿಗೆ ಇರುಸುಮುರುಸು ಆಗಬಹುದು. ಸುಮ್ನೆ ಬಿಟ್ಟುಬಿಡಲಿ. ಬೇರೆ ದಿನಗಳಲ್ಲೂ ಈ ದೀಪವನ್ನು ಊದಿ ಆರಿಸುವ ಪದ್ಧತಿ ಇಲ್ಲ, ತಾನಾಗಿ ಮುಗಿಯುವವರೆಗೆ ಬಿಡುತ್ತಾರೆ.

ಇನ್ನು ಕದ್ದೀಶ್. ನನ್ನ ಮಟ್ಟಿಗೆ ಇಡೀ ದಿನದ ತಿರುಳು ಇದೇ.

ಕದ್ದೀಶ್ ಅರಮಾಯಿಕ್ ಭಾಷೆಯ ಒಂದು ಚಿಕ್ಕ ಪ್ರಾರ್ಥನೆ. ಮಕ್ಕಳು ತಂದೆ ತಾಯಿ ಹೋದ ಮೇಲೆ 11 ತಿಂಗಳು ದಿನವೂ, ಆಮೇಲೆ ಪ್ರತಿ ವರ್ಷ ಈ ದಿನ ಅದನ್ನು ಹೇಳುತ್ತಾರೆ. ಮೊದಲ ಸಲ ಅರ್ಥ ತಿಳಿದುಕೊಂಡವರಿಗೆ ಆಶ್ಚರ್ಯವಾಗುತ್ತದೆ, ಯಾಕಂದ್ರೆ ಅದರಲ್ಲಿ ಸಾವಿನ ಸುದ್ದಿಯೇ ಇಲ್ಲ. ಹೋದವರ ಹೆಸರಿಲ್ಲ, ಆತ್ಮಕ್ಕೆ ಶಾಂತಿ ಸಿಗಲಿ ಎಂಬ ಮಾತಿಲ್ಲ. ಇರುವುದು ಇಷ್ಟೇ: ದೇವರ ಹೆಸರು ದೊಡ್ಡದಾಗಲಿ, ಅವನ ರಾಜ್ಯ ಬೇಗ ಬರಲಿ, ಎಲ್ಲರಿಗೂ ಶಾಂತಿ ಇರಲಿ. ಹೇಳುವವರು ನಿಂತು ಹೇಳುತ್ತಾರೆ. ನಡುವೆ ಸುತ್ತಲಿನವರೆಲ್ಲ ಒಟ್ಟಿಗೆ ದನಿ ಎತ್ತಿ, ಆ ದೊಡ್ಡ ಹೆಸರಿಗೆ ಯುಗಯುಗಕ್ಕೂ ಸ್ತುತಿ ಇರಲಿ ಅಂತ ಉತ್ತರ ಕೊಡುತ್ತಾರೆ. ಆ ಉತ್ತರಕ್ಕಾಗಿಯೇ ಈ ಪ್ರಾರ್ಥನೆ ಇರುವುದು. ಒಬ್ಬರೇ ಕೂತು ಕದ್ದೀಶ್ ಹೇಳುವ ಹಾಗಿಲ್ಲ. ಕನಿಷ್ಠ ಹತ್ತು ಜನ ಬೇಕು. ಸಾಂಪ್ರದಾಯಿಕರಲ್ಲಿ 13 ತುಂಬಿದ ಗಂಡಸರು ಹತ್ತು. ಉದಾರ ಪಂಥದವರಲ್ಲಿ ಹೆಂಗಸರೂ ಲೆಕ್ಕಕ್ಕೆ ಸೇರುತ್ತಾರೆ.

ದುಃಖದಲ್ಲಿರುವವರನ್ನು ಒಂಟಿಯಾಗಿ ಬಿಡದ ನಿಯಮ ಇದು. ನಿಮಗೆ ಅಳು ಬರುತ್ತಿದ್ದರೂ, ಯಾರ ಮುಖವನ್ನೂ ನೋಡುವ ಮನಸ್ಸಿಲ್ಲದಿದ್ದರೂ, ತಂದೆಗಾಗಿ ಕದ್ದೀಶ್ ಹೇಳಬೇಕು ಅಂದರೆ ಎದ್ದು ಹತ್ತು ಜನರ ನಡುವೆ ಹೋಗಲೇಬೇಕು. ಆ ಹತ್ತು ಜನರಿಗೂ ಬರುವುದು ಕರ್ತವ್ಯ. ಸ್ಮಶಾನದಲ್ಲಿ ಎಂಟೇ ಜನ ಇದ್ದರೆ ಪಕ್ಕದ ಸಮಾಧಿಗೆ ಬಂದವರನ್ನು ಕೂಗಿ ಕರೆಯುತ್ತಾರೆ. ಗುರುತು ಪರಿಚಯ ಇಲ್ಲದವರೂ ಬಂದು ನಿಂತು, ಉತ್ತರ ಹೇಳಿ ಹೋಗುತ್ತಾರೆ. ಇದನ್ನು ಕಂಡಾಗ ನನಗೆ ಆ ಸಮಾಜದ ಮೇಲೆ ಗೌರವ ಹುಟ್ಟುತ್ತದೆ.

ಮಗ ಹೇಳಿದ ಪ್ರಾರ್ಥನೆ ಅಪ್ಪನಿಗೆ ಹೇಗೆ ಮುಟ್ಟುತ್ತದೆ? ಇದಕ್ಕೆ ಮಧ್ಯಯುಗದಿಂದ ಒಂದು ಕಥೆ ಹೇಳಿಕೊಂಡು ಬಂದಿದ್ದಾರೆ. ರಬ್ಬಿ ಅಕಿವ ಎಂಬ ಹಳೆಯ ಕಾಲದ ದೊಡ್ಡ ಪಂಡಿತರು ದಾರಿಯಲ್ಲಿ ಹೋಗುವಾಗ ಇದ್ದಿಲಿನಂತೆ ಕಪ್ಪಾದ ಒಬ್ಬ ಮನುಷ್ಯ ತಲೆಯ ಮೇಲೆ ಸೌದೆ ಹೊರೆ ಹೊತ್ತು ಕುದುರೆಯಂತೆ ಓಡುತ್ತಿದ್ದ. ನಿಲ್ಲಿಸಿ ಕೇಳಿದರೆ, ತಾನು ಸತ್ತವನು, ದಿನವೂ ಸೌದೆ ತರುವುದು, ಅದೇ ಸೌದೆಯಲ್ಲಿ ಸುಡಿಸಿಕೊಳ್ಳುವುದು ತನ್ನ ಶಿಕ್ಷೆ ಅಂದ. ಬದುಕಿದ್ದಾಗ ತೆರಿಗೆ ವಸೂಲಿಯವನು. ಸಾಹುಕಾರರನ್ನು ಬಿಟ್ಟು ಬಡವರ ಜೀವ ಹಿಂಡಿದ್ದ. ತನಗೆ ಬಿಡುಗಡೆ ಸಿಗುವುದಾದರೆ ಒಂದೇ ದಾರಿ, ಸಾಯುವಾಗ ಹೆಂಡತಿ ಬಸುರಿಯಾಗಿದ್ದಳು, ಗಂಡುಮಗು ಹುಟ್ಟಿ, ಅದು ಜನರ ಮುಂದೆ ನಿಂತು ದೇವರ ಸ್ತುತಿ ಹೇಳಿದರೆ ಮಾತ್ರ ಅಂದ. ಅಕಿವ ಆ ಊರನ್ನು ಹುಡುಕಿಕೊಂಡು ಹೋದರು. ಆ ಮನುಷ್ಯನ ಹೆಸರು ಎತ್ತಿದರೆ ಊರಿನವರು ಶಾಪ ಹಾಕಿದರು. ಮಗ ಇದ್ದ, ಆದರೆ ಯಾರೂ ಅವನಿಗೆ ಒಂದಕ್ಷರ ಕಲಿಸಿರಲಿಲ್ಲ. ಅಕಿವ ಕೂತು ಕಲಿಸಿದರು. ಹುಡುಗನ ತಲೆಗೆ ಹತ್ತಲಿಲ್ಲ. ಅವನಿಗಾಗಿ ಅವರು 40 ದಿನ ಉಪವಾಸ ಮಾಡಿದರು. ಕೊನೆಗೆ ಹುಡುಗ ಜನರ ಮುಂದೆ ನಿಂತು ಸ್ತುತಿ ಹೇಳಿದ, ಜನ ಉತ್ತರ ಕೊಟ್ಟರು, ಅಪ್ಪನಿಗೆ ಬಿಡುಗಡೆಯಾಯಿತು.

ಈ ಕಥೆಯಲ್ಲಿ ನನಗೆ ಹಿಡಿಸುವುದು ಅಕಿವ ಅವರ ಪಾತ್ರ. ಸತ್ತವನು ಅವರಿಗೆ ನೆಂಟನಲ್ಲ, ಒಳ್ಳೆಯವನೂ ಅಲ್ಲ. ಆದರೂ ಆ ಅನಾಥ ಹುಡುಗನಿಗೆ ಅಕ್ಷರ ಕಲಿಸುವ ಭಾರ ಹೊತ್ತರು.

ಹೆಣ್ಣುಮಕ್ಕಳ ವಿಷಯಕ್ಕೂ ಬರಬೇಕು, ಯಾಕಂದ್ರೆ ನಿಮ್ಮ ತಂಗಿಯ ಮನೆಯಲ್ಲಿ ಅಜ್ಜನ ಹೆಣ್ಣುಮಕ್ಕಳು ಯಾರಾದರೂ ಇದ್ದರೆ ಈ ಪ್ರಶ್ನೆ ಎದ್ದೇ ಏಳುತ್ತದೆ. ಬಹಳ ಕಾಲ ಕದ್ದೀಶ್ ಗಂಡುಮಕ್ಕಳ ಕೆಲಸ ಎಂದೇ ನಡೆಯಿತು. ಗಂಡುಮಕ್ಕಳಿಲ್ಲದವರು ಬೇರೆಯವರಿಂದ ಹೇಳಿಸುತ್ತಿದ್ದರು. ಹೆನ್ರಿಯೆಟ್ಟಾ ಜೋಲ್ಡ್ ಎಂಬ ಅಮೆರಿಕದ ಯಹೂದಿ ಮಹಿಳೆಗೆ 1916ರಲ್ಲಿ ತಾಯಿ ತೀರಿಕೊಂಡರು. ಹದಾಸಾ ಎಂಬ ಯಹೂದಿ ಮಹಿಳೆಯರ ಸಂಸ್ಥೆಯನ್ನು ಕಟ್ಟಿದವರು ಇವರೇ. ಮನೆಯಲ್ಲಿ ಗಂಡುಮಕ್ಕಳಿರಲಿಲ್ಲ. ಕುಟುಂಬದ ಗೆಳೆಯರೊಬ್ಬರು ನಿಮ್ಮ ಪರವಾಗಿ ನಾನು ಕದ್ದೀಶ್ ಹೇಳುತ್ತೇನೆ ಅಂದರು. ಜೋಲ್ಡ್ ಆ ಗೆಳೆಯರಿಗೆ ಪತ್ರ ಬರೆದು, ತುಂಬು ಮನಸ್ಸಿನಿಂದ ಧನ್ಯವಾದ ಹೇಳಿ, ಬೇಡ ಅಂದರು. ತಂದೆ ಹೋದಾಗಲೂ ಅಮ್ಮ ಬೇರೆಯವರನ್ನು ನಮ್ಮ ಜಾಗದಲ್ಲಿ ನಿಲ್ಲಿಸಲಿಲ್ಲ, ಈಗ ಅಮ್ಮನಿಗೂ ನಾನೇ ಹೇಳುತ್ತೇನೆ ಎಂಬ ಅರ್ಥದಲ್ಲಿ ಬರೆದರು. ಸಮುದಾಯದೊಂದಿಗೆ ತಂದೆ ತಾಯಿಗಿದ್ದ ನಂಟನ್ನು ಇನ್ನು ನಾನು ಮುಂದುವರಿಸುತ್ತೇನೆ ಅಂತ ಎಲ್ಲರೆದುರು ಒಪ್ಪಿಕೊಳ್ಳುವುದೇ ಕದ್ದೀಶ್ ಎಂದು ಅದರಲ್ಲಿ ವಿವರಿಸಿದರು. ಇಂದು ಉದಾರ ಪಂಥಗಳಲ್ಲಿ ಹೆಣ್ಣುಮಕ್ಕಳು ಹೇಳುವುದು ಮಾಮೂಲು. ಸಾಂಪ್ರದಾಯಿಕರ ಸಿನಗಾಗ್‌ಗಳಲ್ಲೂ, ಅಂದರೆ ಯಹೂದಿ ಪ್ರಾರ್ಥನಾ ಮಂದಿರಗಳಲ್ಲೂ, ಕೆಲವು ಕಡೆ ಹೇಳುತ್ತಾರೆ, ಕೆಲವು ಕಡೆ ಬಿಡುವುದಿಲ್ಲ.

ತಿಂಡಿಯ ಜಗಳಕ್ಕೆ ಬರೋಣ. ಅಜ್ಜಿ ಹೇಳುವುದೂ ಸರಿ, ಮಗ ಹೇಳುವುದೂ ಸರಿ. ಎರಡು ಪ್ರದೇಶದ ಎರಡು ರೂಢಿ.

ಇರಾಕ್, ಯೆಮೆನ್, ಮೊರಾಕ್ಕೊ ಕಡೆಯವರಲ್ಲಿ ಅಜ್ಕರಾ ಅಂದರೆ ಮನೆಗೆ ಜನ ಸೇರುವುದು. ಮೇಜಿನ ಮೇಲೆ ಖರ್ಜೂರ, ದ್ರಾಕ್ಷಿಯಂಥ ಮರ-ಬಳ್ಳಿಯ ಹಣ್ಣು, ಸೌತೆಕಾಯಿಯಂಥ ನೆಲದ ಬೆಳೆ, ಗೋಧಿಯ ಕುರುಕಲು, ಕುಡಿಯಲು ಏನಾದರೂ, ಜೊತೆಗೆ ಪರಿಮಳದ ಎಲೆಯೋ ಹೂವೋ ಇಡುತ್ತಾರೆ. ನೋಡಿದರೆ ನಮಗೆ ಎಡೆಯಂತೆ ಕಾಣಬಹುದು. ಆದರೆ ಲೆಕ್ಕ ಬೇರೆ. ಯಹೂದಿಗಳು ಏನೇ ಬಾಯಿಗಿಡುವ ಮೊದಲೂ ಒಂದು ಸ್ತುತಿ ಹೇಳಬೇಕು. ಮರದ ಹಣ್ಣಿಗೆ ಒಂದು, ನೆಲದ ಬೆಳೆಗೆ ಇನ್ನೊಂದು, ಗೋಧಿ ತಿಂಡಿಗೆ ಮತ್ತೊಂದು, ಪರಿಮಳಕ್ಕೂ ಬೇರೆ. ಬಗೆ ಬಗೆಯ ತಿಂಡಿ ಇಟ್ಟರೆ ಬಂದವರ ಬಾಯಲ್ಲಿ ಬಗೆ ಬಗೆಯ ಸ್ತುತಿ ಬರುತ್ತದೆ, ಸುತ್ತಲಿನವರು ಆಮೆನ್ ಅನ್ನುತ್ತಾರೆ. ಆ ಸ್ತುತಿ, ಆ ಆಮೆನ್ ಅಜ್ಜನ ಹೆಸರಿಗೆ. ತಿಂಡಿ ಬದುಕಿರುವವರಿಗೆ. ಹಾಗಾಗಿ ತಟ್ಟೆ ಜೋಡಿಸುವಾಗ ತಂಗಿ ಯಾವುದನ್ನೂ ಪ್ರತ್ಯೇಕವಾಗಿ ಎತ್ತಿಡಬೇಕಿಲ್ಲ. ಬಂದವರ ಕೈಗೆ ಸುಲಭವಾಗಿ ಎಟುಕುವ ಹಾಗೆ ಇಟ್ಟರೆ ಸಾಕು.

ಅಜ್ಜನ ಕಡೆಯವರ ಕಥೆಯಲ್ಲಿ ಒಂದು ತಿರುವಿದೆ. ಮಧ್ಯಯುಗದ ಜರ್ಮನಿ, ಪೋಲೆಂಡ್‌ಗಳಲ್ಲಿ ತಂದೆ ತಾಯಿ ಹೋದ ದಿನ ಮಕ್ಕಳು ಉಪವಾಸ ಮಾಡುತ್ತಿದ್ದರು. ಇಸ್ಸೆರ್ಲೆಸ್ ಅದನ್ನು ಒಳ್ಳೆಯ ಪದ್ಧತಿ ಅಂತಲೇ ಬರೆದಿದ್ದಾರೆ. ಆಮೇಲೆ ಬಂದ, ಭಕ್ತಿ ಮತ್ತು ಸಂತೋಷಕ್ಕೆ ಒತ್ತು ಕೊಡುವ ಹಸಿದೀ ಪಂಥದವರು ಬೇರೆ ದಾರಿ ಹಿಡಿದರು. ಆತ್ಮ ಪ್ರತಿ ವರ್ಷ ಈ ದಿನ ಒಂದು ಮೆಟ್ಟಿಲು ಮೇಲೇರುತ್ತದೆ, ಅದಕ್ಕೆ ದುಃಖ ಯಾಕೆ ಅಂದರು. ಪ್ರಾರ್ಥನೆ ಮುಗಿದ ಮೇಲೆ ಸಿನಗಾಗ್‌ನಲ್ಲೇ ಕೇಕು ಮತ್ತು ಒಂದು ಗುಟುಕು ಮದ್ಯ ಹಂಚಿ ಪರಸ್ಪರ ಹಾರೈಸುವ ರೂಢಿ ಬಂತು. ಈಗ ಉಪವಾಸ ಮಾಡುವವರು ಕಡಿಮೆ. ಮಗ ಬೆಳಿಗ್ಗೆ ಸಿನಗಾಗ್‌ಗೆ ಹೋಗಿ ಕದ್ದೀಶ್ ಹೇಳಿ ಬರಲಿ, ಸಂಜೆ ಅಜ್ಜಿಯ ಹಣ್ಣಿನ ಮೇಜೂ ಇರಲಿ. ಇಸ್ರೇಲಿನಲ್ಲಿ ಇಂಥ ಬೆರಕೆ ಮನೆಗಳು ಬೇಕಾದಷ್ಟಿವೆ. ತಂಗಿ ಮಾತ್ರ ನಡುವೆ ತೀರ್ಪು ಕೊಡಲು ಹೋಗದಿರಲಿ.

ತಂಗಿಗೆ ತಾನೂ ಏನಾದರೂ ತರಬೇಕು ಅನಿಸಬಹುದು. ತನ್ನ ಕೋಣೆಯಲ್ಲೋ ಗೆಳತಿಯರ ರೂಮಿನಲ್ಲೋ ಮಾಡಿದ ಅಡುಗೆ ಬೇಡ. ಮನೆಯವರು ಕೋಶರ್, ಅಂದರೆ ಯಹೂದಿ ಧರ್ಮದ ಆಹಾರ ನಿಯಮ, ಪಾಲಿಸುವವರಾದರೆ ಅದನ್ನು ಮುಟ್ಟಲಾರರು, ಬೇಡ ಅನ್ನಲೂ ಅವರಿಗೆ ಸಂಕಟ. ಕತ್ತರಿಸದ ತಾಜಾ ಹಣ್ಣು ತರಲಿ, ಇಲ್ಲವೇ ಕೋಶರ್ ಗುರುತಿರುವ, ಒಡೆಯದ ಪ್ಯಾಕೆಟ್.

ಸಮಾಧಿಗೆ ಹೋಗುವ ದಿನ. ಶನಿವಾರ ಮತ್ತು ದೊಡ್ಡ ಹಬ್ಬಗಳಲ್ಲಿ ಹೋಗುವುದಿಲ್ಲ. ಹಾಗೆ ಬಿದ್ದರೆ ಹಿಂದಿನ ಅಥವಾ ಮುಂದಿನ ದಿನ ಹೋಗುತ್ತಾರೆ. ಅಜ್ಜಿಯನ್ನು ಗಾಲಿಕುರ್ಚಿಯಲ್ಲಿ ಕರೆದುಕೊಂಡು ಹೋಗುವುದಾದರೆ ಸಮಾಧಿಯ ಹತ್ತಿರದವರೆಗೆ ಕುರ್ಚಿ ಹೋಗುವ ದಾರಿ ಇದೆಯಾ ಅಂತ ಮಗನನ್ನು ಮೊದಲೇ ಕೇಳಲಿ, ಸಾಲುಗಳ ನಡುವೆ ಜಾಗ ಬಹಳ ಇಕ್ಕಟ್ಟು. ನೀರು, ಟೋಪಿ, ಕೈಯಲ್ಲಿ ಹಿಡಿಯುವ ಆಕ್ಸಿಜನ್ ಬೇಕಿದ್ದರೆ ಅದೂ ಜೊತೆಯಲ್ಲಿರಲಿ. ಕೆಲವರು ಸಮಾಧಿಯ ಬಳಿಯೂ ದೀಪ ಹಚ್ಚುತ್ತಾರೆ, ಆಗ ಆಕ್ಸಿಜನ್ ಹಾಕಿಕೊಂಡ ಅಜ್ಜಿ ದೂರದಲ್ಲಿರಬೇಕು.

ಅಲ್ಲಿ ಬೈಬಲಿನ ಕೀರ್ತನೆಗಳನ್ನು ಓದುತ್ತಾರೆ. ಸಾಮಾನ್ಯವಾಗಿ 33, 16, 17, 72, 91, 104, 130ನೇ ಕೀರ್ತನೆಗಳು. ಆಮೇಲೆ 119ನೇದರ ಸರದಿ. ಅದು 176 ವಚನಗಳ ಉದ್ದದ ಕೀರ್ತನೆ. ಹೀಬ್ರೂವಿನ 22 ಅಕ್ಷರಗಳಿಗೆ ಒಂದೊಂದಕ್ಕೆ ಎಂಟೆಂಟು ವಚನ. ಹೋದವರ ಹೆಸರಿನಲ್ಲಿರುವ ಅಕ್ಷರಗಳ ವಚನಗಳನ್ನು ಮಾತ್ರ ಆರಿಸಿ ಓದುತ್ತಾರೆ. ಹೆಸರು ಮೋಶೆ ಅಂತಿದ್ದರೆ ಹೀಬ್ರೂವಿನಲ್ಲಿ ಮೂರಕ್ಷರ, 24 ವಚನ. ಹೆಸರು ಉದ್ದವಾದಷ್ಟೂ ಓದು ಉದ್ದ. ಕೊನೆಗೆ ಕದ್ದೀಶ್, ಮತ್ತೆ ಹೋದವರ ಹೆಸರು ಹೇಳಿ ಮಾಡುವ ಒಂದು ಪ್ರಾರ್ಥನೆ. ಇಲ್ಲಿ ಮಾತ್ರ ಆತ್ಮಕ್ಕೆ ನೆಮ್ಮದಿ ಕೇಳುತ್ತಾರೆ.

ಹೂವು ಒಯ್ಯಬಹುದಾ ಅಂದಿರಿ. ಸಾಂಪ್ರದಾಯಿಕ ಯಹೂದಿಗಳು ಸಮಾಧಿಗೆ ಹೂವು ಇಡುವುದಿಲ್ಲ, ಸಣ್ಣ ಕಲ್ಲು ಇಡುತ್ತಾರೆ. ಇದಕ್ಕೆ ಹತ್ತು ಜನ ಹತ್ತು ಕಾರಣ ಹೇಳುತ್ತಾರೆ. ಹಳೆಯ ಕಾಲದಲ್ಲಿ ಕಲ್ಲುಗುಡ್ಡೆಯೇ ಸಮಾಧಿಯ ಗುರುತು, ಅಲ್ಲಿಗೆ ಬಂದವರೆಲ್ಲ ಒಂದೊಂದು ಕಲ್ಲು ಸೇರಿಸಿ ಅದನ್ನು ಕಾಪಾಡುತ್ತಿದ್ದರು ಎಂಬುದು ನನಗೆ ಹೆಚ್ಚು ಒಪ್ಪುವ ಮಾತು. ಯಾರೋ ಬಂದು ಹೋಗಿದ್ದಾರೆ ಅಂತ ಮುಂದೆ ಬರುವವರಿಗೆ ತಿಳಿಯುತ್ತದೆ ಅನ್ನುವವರೂ ಇದ್ದಾರೆ. ಇಸ್ರೇಲಿನಲ್ಲಿ ಧಾರ್ಮಿಕರಲ್ಲದ ಅನೇಕ ಮನೆಗಳವರು ಈಗ ಹೂವೂ ತರುತ್ತಾರೆ. ಸೈನಿಕರ ಸ್ಮಶಾನಗಳಲ್ಲಿ ಹೂವು ಸಾಮಾನ್ಯ. ಆದರೂ ನಿಮ್ಮ ತಂಗಿ ಒಂದು ನುಣುಪಾದ ಕಲ್ಲು ಇಟ್ಟರೆ ಯಾವ ಮನೆಯಲ್ಲೂ ತಪ್ಪಾಗುವುದಿಲ್ಲ. ಬೇರೆಯವರ ಸಮಾಧಿಯ ಮೇಲಿನ ಕಲ್ಲು ತೆಗೆಯಬಾರದು, ನೆಲದಿಂದ ಆರಿಸಿಕೊಳ್ಳಬೇಕು.

ಹೊರಗೆ ಬರುವಾಗ ಬಾಗಿಲ ಹತ್ತಿರ ನಲ್ಲಿ ಮತ್ತು ಎರಡು ಹಿಡಿಯ ಲೋಟ ಇರುತ್ತದೆ. ಕೈ ತೊಳೆದು ಹೊರಡುತ್ತಾರೆ. ಲೋಟವನ್ನು ಕೈಯಿಂದ ಕೈಗೆ ಕೊಡುವುದಿಲ್ಲ, ಕೆಳಗಿಟ್ಟು ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ. ಕೈ ಒರೆಸಿಕೊಳ್ಳದೆ ಹಾಗೇ ಒಣಗಲು ಬಿಡುವವರೂ ಇದ್ದಾರೆ. ನಮ್ಮಲ್ಲೂ ಸ್ಮಶಾನದಿಂದ ಬಂದು ನೀರು ಮುಟ್ಟದೆ ಒಳಗೆ ಬರುವುದಿಲ್ಲವಲ್ಲ, ತಂಗಿಗೆ ಇದು ಹೊಸದೆನಿಸುವುದಿಲ್ಲ. ಮಗ ಸಮಾಧಿಯ ತನಕ ಬಾರದೆ ದೂರದಲ್ಲೇ ನಿಂತರೆ ಅವರನ್ನು ತಪ್ಪು ತಿಳಿಯಬೇಡಿ. ಕೊಹೇನ್ ಎಂಬ ಪುರೋಹಿತ ವಂಶದ ಗಂಡಸರು ಸಮಾಧಿಗಳ ಹತ್ತಿರ ಹೋಗುವ ಹಾಗಿಲ್ಲ.

ಒಂದು ವಿಷಯವನ್ನು ತಂಗಿಗೆ ಮುಂಚೆಯೇ ತಿಳಿಸಿಡಿ. ಅಜ್ಜನ ಮನೆಯವರು ಪೋಲೆಂಡಿನವರು ಅಂದಿರಿ. ನಾಜಿಗಳ ಕಾಲದಲ್ಲಿ ಸತ್ತ ನೆಂಟರು ಆ ಕುಟುಂಬದಲ್ಲಿ ಇದ್ದಿರಬಹುದು. ಅವರಲ್ಲಿ ಬಹಳ ಜನರ ಸಾವಿನ ದಿನವೇ ಗೊತ್ತಿಲ್ಲ. ಸಮಾಧಿಯೂ ಇಲ್ಲ. ಅಂಥವರಿಗಾಗಿ ಇಸ್ರೇಲಿನ ಮುಖ್ಯ ರಬ್ಬಿಗಳ ಪೀಠ ತೆವೆತ್ ತಿಂಗಳ 10ನೇ ದಿನವನ್ನು ಎಲ್ಲರೂ ಒಟ್ಟಿಗೆ ಕದ್ದೀಶ್ ಹೇಳುವ ದಿನವಾಗಿ ಗೊತ್ತು ಮಾಡಿತು. ಅದು ಮೊದಲೇ ಉಪವಾಸದ ದಿನ, ಚಳಿಗಾಲದಲ್ಲಿ ಬರುತ್ತದೆ. ಇದಲ್ಲದೆ ನಿಸಾನ್ ತಿಂಗಳಲ್ಲಿ ಆ ಹತ್ಯಾಕಾಂಡದ ರಾಷ್ಟ್ರೀಯ ನೆನಪಿನ ದಿನವಿದೆ. ಬೆಳಿಗ್ಗೆ 10 ಗಂಟೆಗೆ ದೇಶದಾದ್ಯಂತ ಎರಡು ನಿಮಿಷ ಸೈರನ್ ಕೂಗುತ್ತದೆ, ರಸ್ತೆಯಲ್ಲಿ ಕಾರು ನಿಲ್ಲಿಸಿ ಜನ ಇಳಿದು ನಿಲ್ಲುತ್ತಾರೆ. ತಂಗಿ ಗಾಬರಿಯಾಗದೆ ಎದ್ದು ನಿಂತರೆ ಆಯಿತು. ಅಜ್ಜಿ ಆ ದಿನಗಳಲ್ಲಿ ಮಂಕಾಗಿದ್ದರೆ ಕಾರಣ ಗೊತ್ತಿರುತ್ತದೆ. ಯೋಮ್ ಕಿಪ್ಪುರ್ ಎಂಬ ಪ್ರಾಯಶ್ಚಿತ್ತದ ದಿನವೂ ಸೇರಿ ವರ್ಷದಲ್ಲಿ ನಾಲ್ಕು ಸಲ ಪೋಲೆಂಡ್, ಜರ್ಮನಿ ಕಡೆಯವರ ಸಿನಗಾಗ್‌ಗಳಲ್ಲಿ ಯಿಜ್ಕೋರ್ ಎಂಬ ನೆನಪಿನ ಪ್ರಾರ್ಥನೆಯೂ ನಡೆಯುತ್ತದೆ. ಆಗಲೂ ಅನೇಕ ಮನೆಗಳಲ್ಲಿ ಇದೇ ದೀಪ ಹಚ್ಚುತ್ತಾರೆ.

ಇದೆಲ್ಲ ನಮಗೆ ತೀರಾ ದೂರದ್ದು ಅಂದುಕೊಳ್ಳಬೇಡಿ. ಬೆಂಗಳೂರಿನ ಮೈಸೂರು ರಸ್ತೆಯಲ್ಲಿ ಯಹೂದಿ ಸ್ಮಶಾನ ಇದೆ. ಅದಕ್ಕೆ ಜಾಗ ಕೊಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರ್, 1904ರಲ್ಲಿ. ಕೊಚ್ಚಿಯ ಮಟ್ಟಂಚೇರಿಯಲ್ಲಿ ನೆಹೆಮಿಯಾ ಮೋತಾ ಎಂಬ ಯಹೂದಿ ಸಂತರ ಸಮಾಧಿ ಇದೆ, 17ನೇ ಶತಮಾನದ್ದು. ಅವರು ತೀರಿಕೊಂಡದ್ದು ಹನುಕ್ಕಾ ಹಬ್ಬದ ಮೊದಲ ದಿನ. ಅಲ್ಲಿಗೆ ಹರಕೆ ಹೊತ್ತು ಬಂದು ಮೇಣದಬತ್ತಿ ಹಚ್ಚುವವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಎಲ್ಲರೂ ಇದ್ದಾರೆ.

ಕೊನೆಗೆ, ಆ ದಿನ ತಂಗಿ ಏನು ಹೇಳಬೇಕು? ಅಜ್ಜನ ಹೆಸರು ಬಂದಾಗ ಪಕ್ಕದಲ್ಲೇ "ಜಿಖ್ರೋನೋ ಲಿವ್ರಾಖಾ" ಅಂತ ಸೇರಿಸಿದರೆ ಸಾಕು. ಅವರ ನೆನಪು ಒಳಿತು ತರಲಿ ಎಂದರ್ಥ. ಹೆಂಗಸರ ಬಗ್ಗೆಯಾದರೆ "ಜಿಖ್ರೋನಾ" ಆಗುತ್ತದೆ. ಬಟ್ಟೆ ಕಪ್ಪೇ ಇರಬೇಕು ಅಂತಿಲ್ಲ, ಮೈಮುಚ್ಚುವ ಸಾದಾ ಬಟ್ಟೆ ಸಾಕು. ಮನೆಯಲ್ಲಿ ಜೋರು ಸಂಗೀತ ಬೇಡ. ತನ್ನ ದೇವರಿಗೆ ತನ್ನ ರೀತಿಯಲ್ಲಿ ಕೈಮುಗಿಯಬೇಕು ಅನಿಸಿದರೆ ತನ್ನ ಕೋಣೆಯಲ್ಲಿ ಮುಗಿಯಲಿ. ಆ ನೆನಪಿನ ದೀಪದ ಮುಂದೆ ಊದುಬತ್ತಿ, ಕುಂಕುಮ, ಹೂವು ಇಡುವುದು ಬೇಡ.

ಇನ್ನೊಂದು ಇದೆ, ಇದು ಬೇರೆ ಯಾರಿಂದಲೂ ಆಗದ ಕೆಲಸ. ಹಣ್ಣಿನ ಮೇಜಿನ ಸುತ್ತ ಕೂತಾಗ ಹೋದವರ ಬಗ್ಗೆ ಮಾತಾಡುವುದೂ ಆ ದಿನದ ಭಾಗ. ಅಜ್ಜನ ಕೊನೆಯ ತಿಂಗಳುಗಳನ್ನು ಹತ್ತಿರದಿಂದ ಕಂಡವಳು ನಿಮ್ಮ ತಂಗಿ. ಮಕ್ಕಳು ಕೆಲಸ, ಸಂಸಾರ ಅಂತ ಬಂದು ಹೋಗುತ್ತಿದ್ದಿರಬಹುದು. ಅಜ್ಜ ಬೆಳಿಗ್ಗೆ ಏನು ಕೇಳುತ್ತಿದ್ದರು, ಯಾವ ಹಾಡು ಗುನುಗುತ್ತಿದ್ದರು, ಅಜ್ಜಿಯ ಬಗ್ಗೆ ಏನು ಹೇಳುತ್ತಿದ್ದರು, ಇದೆಲ್ಲ ಅವಳಿಗೆ ಗೊತ್ತು. ಹೀಬ್ರೂ ತಡವರಿಸಿದರೂ ಪರವಾಗಿಲ್ಲ, ಒಂದೆರಡು ನೆನಪು ಹೇಳಲಿ. ಅಜ್ಜಿ ಅಲ್ಲೇ ಇರುತ್ತಾರೆ, ಬಿಟ್ಟುಹೋದ ಮಾತನ್ನು ಅವರೇ ಸೇರಿಸುತ್ತಾರೆ.